ಮುಡಿಯಿಂದ ಅಡಿಯವರೆಗೆ: ಮೋಟಾರ್ ಸೈಕಲ್ ಸವಾರರ ಉಡುಗೆಯ ಆಯ್ಕೆ

(ನ್ಯೂಜೆರ್ಸಿಯಲ್ಲಿ ನಡೆದ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಸಾಹಿತ್ಯ, ಸಂಗೀತ, ಯಕ್ಷಗಾನಗಳನ್ನು ಕುರಿತ ಮಾತುಗಳಿಗೆ ಒಗ್ಗಿದ ಈ ವೇದಿಕೆಯಲ್ಲಿ ಮೋಟಾರ್ ಸೈಕಲ್ ಸವಾರರ ಉಡುಗೆಯ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇದು ನಮ್ಮ ಮನೆಗಳ ಬಾಗಿಲಿಗೇ ಬಂದು ನಿಂತಿರುವ ವಿಷಯ. ಮಕ್ಕಳು ಇಪ್ಪತ್ತರ ಪ್ರಾಯಕ್ಕೆ ಕಾಲಿಟ್ಟಾಗ, ಇಲ್ಲವೇ ನಡುವಯಸ್ಸಿನ ಗೃಹಸ್ಥರಲ್ಲಿ ಹಳೆಯ ಆಸೆಯೊಂದು ಮತ್ತೆ ಚಿಗುರಿದಾಗ, ಮೋಟಾರ್ ಸೈಕಲ್ಲಿನ ಮಾತು ಬಂದೇ ಬರುತ್ತದೆ. ಬಂದಾಗ ಚರ್ಚೆಯೆಲ್ಲ ‘ಬೇಕೇ, ಬೇಡವೇ’ ಎಂಬಲ್ಲಿಗೇ ನಿಂತುಬಿಡುತ್ತದೆ. ಹಿರಿಯರು ಬೇಡವೆನ್ನುತ್ತಾರೆ, ಕಿರಿಯರು ಕೊಂಡೇ ಬಿಡುತ್ತಾರೆ. ಏನು ಧರಿಸಿ ಸವಾರಿ ಮಾಡಬೇಕು ಎಂಬ ಮೂರನೆಯ ಪ್ರಶ್ನೆಗೆ ಆ ಜಗಳದಲ್ಲಿ ಜಾಗವೇ ಸಿಕ್ಕುವುದಿಲ್ಲ. ಜೀವ ಉಳಿಸುವ ಪ್ರಶ್ನೆ ಮಾತ್ರ ಅದೇ. ಇಂದು ನಾವು ಮೊದಲ ಎರಡನ್ನು ಬದಿಗಿಟ್ಟು ಆ ಮೂರನೆಯದನ್ನಷ್ಟೇ ವಿಚಾರ ಮಾಡೋಣ.

ಎರಡು ಚಕ್ರದ ಬಂಡಿ ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಮುಂದೆ ಯೆಜ್ಡಿ ಎಂಬ ಹೆಸರುಗಳಲ್ಲಿ ತಯಾರಿಸಿದ ಬಂಡಿಗಳು ನಮ್ಮ ಊರೂರಿನ ಬೀದಿಗಳಲ್ಲಿ ಓಡಾಡಿವೆ. ಅವನ್ನು ಓಡಿಸುವಾಗ ನಮ್ಮವರು ತೊಟ್ಟದ್ದು ಮನೆಯಲ್ಲಿ ತೊಡುವ ಬಟ್ಟೆಯನ್ನೇ. ತೆಳು ಅಂಗಿ, ಮೇಲಕ್ಕೆ ಕಟ್ಟಿದ ಪಂಚೆ ಅಥವಾ ಷರಾಯಿ, ಕಾಲಿಗೆ ಚಪ್ಪಲಿ. ಊರೊಳಗಿನ ನಿಧಾನದ ಓಡಾಟದಲ್ಲಿ ಅದು ಹೇಗೋ ನಡೆದುಹೋಯಿತು. ಆ ಅಭ್ಯಾಸವನ್ನೇ ಗಂಟುಕಟ್ಟಿಕೊಂಡು ನ್ಯೂಜೆರ್ಸಿ ಟರ್ನ್‌ಪೈಕಿಗೆ ಬಂದರೆ ಲೆಕ್ಕ ಬೇರೆಯಾಗುತ್ತದೆ. ಇಲ್ಲಿ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರು, ಸಾಮಾನ್ಯ ವೇಗ. ಸವಾರನ ಎಡಬಲದಲ್ಲಿ ಓಡುವುದು ಹದಿನೆಂಟು ಚಕ್ರದ ಲಾರಿಗಳು.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಎರಡರಲ್ಲೂ ವಯಸ್ಸಿನ ಭೇದವಿಲ್ಲದೆ ಸವಾರನಿಗೂ ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯ. ಕಣ್ಣಿನ ರಕ್ಷಣೆಯ ನಿಯಮವೂ ಎರಡರಲ್ಲೂ ಇದೆ. ನ್ಯೂಜೆರ್ಸಿಯಲ್ಲಿ ಹೆಲ್ಮೆಟ್ಟಿನ ಎರಡೂ ಪಕ್ಕಗಳಲ್ಲಿ ಬೆಳಕನ್ನು ಪ್ರತಿಫಲಿಸುವ ಪಟ್ಟಿ ಇರಬೇಕೆಂಬ ನಿಯಮವೂ ಉಂಟು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಹೀಗಿಲ್ಲ. ಅಲ್ಲಿ 2003ರಲ್ಲಿ ಕಾನೂನು ಸಡಿಲವಾಗಿ, 21 ವರ್ಷ ತುಂಬಿ ಎರಡು ವರ್ಷದ ಅನುಭವವನ್ನೋ ತರಬೇತಿಯನ್ನೋ ಪಡೆದವರು ಬರಿದಲೆಯಲ್ಲಿ ಓಡಿಸಬಹುದು ಎಂದಾಯಿತು. ಕನೆಕ್ಟಿಕಟ್ಟಿನಲ್ಲಿಯೂ ಕಡ್ಡಾಯವಿರುವುದು ಎಳೆಯ ಪ್ರಾಯದವರಿಗೆ ಮಾತ್ರ. ಹೀಗಾಗಿ ಪೋರ್ಟ್ ಜರ್ವಿಸಿನ ಬಳಿ ಡೆಲವೇರ್ ನದಿಯ ಸೇತುವೆ ದಾಟಿ ಪೆನ್ಸಿಲ್ವೇನಿಯಾದ ನೆಲ ಮುಟ್ಟಿದೊಡನೆ ಹೆಲ್ಮೆಟ್ ಬಿಚ್ಚಿ ಹಿಂದಕ್ಕೆ ಕಟ್ಟುವ ಸವಾರರನ್ನು ಕಾಣಬಹುದು. ಕಾನೂನು ಸೇತುವೆಯ ನಡುವೆ ಬದಲಾಗುತ್ತದೆ. ತಲೆಬುರುಡೆ ಎರಡೂ ದಡಗಳಲ್ಲಿ ಒಂದೇ. ಜಾಕೆಟ್ಟು, ಕೈಗವಸು, ಬೂಟುಗಳ ವಿಷಯದಲ್ಲಂತೂ ಈ ರಾಜ್ಯಗಳ ಕಾನೂನು ಏನನ್ನೂ ಕೇಳುವುದಿಲ್ಲ. ಕತ್ತಿನಿಂದ ಕೆಳಗಿನದೆಲ್ಲ ನಮ್ಮ ವಿವೇಕಕ್ಕೇ ಬಿಟ್ಟದ್ದು.

ಉಡುಗೆಯನ್ನು ಆರಿಸುವ ಮೊದಲು ಅಪಘಾತದಲ್ಲಿ ಏನಾಗುತ್ತದೆಂಬುದನ್ನು ತಿಳಿಯಬೇಕು. ಈ ವಿಷಯದಲ್ಲಿ ಅಮೆರಿಕೆಯ ಅತ್ಯಂತ ಪ್ರಸಿದ್ಧ ಅಧ್ಯಯನ 1981ರ ಹರ್ಟ್ ವರದಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ಸಂಗಡಿಗರು ಲಾಸ್ ಏಂಜಲಿಸ್ ಪ್ರದೇಶದ 900 ಅಪಘಾತಗಳನ್ನು ಕೂಲಂಕಷವಾಗಿ ಪರಿಶೀಲಿಸಿದರು. ನಾಲ್ಕರಲ್ಲಿ ಮೂರು ಪಾಲು ಅಪಘಾತಗಳು ಇನ್ನೊಂದು ವಾಹನದೊಡನೆ ಆದ ಡಿಕ್ಕಿಗಳು. ಹಾಗೆ ಎರಡು ವಾಹನಗಳು ಸೇರಿದ ಪ್ರಸಂಗಗಳಲ್ಲಿ ಮೂರರಲ್ಲಿ ಎರಡು ಪಾಲು ತಪ್ಪು ಕಾರಿನವರದು. ಮೋಟಾರ್ ಸೈಕಲ್ಲಿಗೆ ದಾರಿ ಬಿಡಬೇಕಾದ ಕಡೆ ಅವರು ಬಿಟ್ಟಿರಲಿಲ್ಲ. ‘ನಾವು ಜಾಗರೂಕರು, ನಮಗೇಕೆ ಇಷ್ಟೆಲ್ಲ ಕವಚ’ ಎನ್ನುವವರು ಈ ಮಾತನ್ನು ನೆನಪಿಡಬೇಕು. ನಮ್ಮ ಜಾಗರೂಕತೆ ನಮ್ಮ ಕೈಯಲ್ಲಿದೆ. ಎಡಕ್ಕೆ ತಿರುಗಲು ಕಾದು ನಿಂತ ಕಾರಿನವರ ಜಾಗರೂಕತೆ ನಮ್ಮ ಕೈಯಲ್ಲಿಲ್ಲ. ಅಪಘಾತಕ್ಕೊಳಗಾದ ಸವಾರರಲ್ಲಿ ನೂರಕ್ಕೆ 92 ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು ಎಂಬುದೂ ಆ ವರದಿಯಲ್ಲಿದೆ. ಆದುದರಿಂದ ಉಡುಗೆಗಿಂತ ಮೊದಲ ಖರ್ಚು ತರಬೇತಿಯದಾಗಲಿ.

ಬಿದ್ದ ದೇಹಕ್ಕೆ ಎರಡು ಬಗೆಯ ಕೇಡು ಕಾದಿರುತ್ತದೆ. ಒಂದು ಅಪ್ಪಳಿಕೆ, ಇನ್ನೊಂದು ಉಜ್ಜುವಿಕೆ. ಗಂಟೆಗೆ 30 ಮೈಲಿ ವೇಗದಲ್ಲಿ ಬಿದ್ದವನು ಒಣ ರಸ್ತೆಯ ಮೇಲೆ ಹೆಚ್ಚುಕಡಿಮೆ 40 ಅಡಿ ಜಾರುತ್ತಾನೆ. ವೇಗ ಎರಡು ಪಟ್ಟಾದರೆ ಜಾರುವ ದೂರ ನಾಲ್ಕು ಪಟ್ಟಾಗುತ್ತದೆ. 60 ಮೈಲಿಗೆ ಅದು 160 ಅಡಿಗೂ ಮಿಕ್ಕುತ್ತದೆ. ಸಾಧಾರಣ ಜೀನ್ಸ್ ಬಟ್ಟೆ ಆ ಉಜ್ಜಾಟದಲ್ಲಿ ಒಂದು ಸೆಕೆಂಡಿನ ಆಸುಪಾಸಿನಲ್ಲೇ ಹರಿದುಹೋಗುತ್ತದೆ. ಉಳಿದ ದೂರವನ್ನೆಲ್ಲ ಕ್ರಮಿಸುವುದು ಚರ್ಮ. ಅಪ್ಪಳಿಕೆಗೆ ಮೆತ್ತೆ ಬೇಕು, ಉಜ್ಜುವಿಕೆಗೆ ಗಟ್ಟಿ ಹೊದಿಕೆ ಬೇಕು. ಒಂದು ಇನ್ನೊಂದರ ಕೆಲಸ ಮಾಡಲಾರದು. ಸವಾರರ ಉಡುಗೆಯನ್ನು ಕೊಳ್ಳುವಾಗ ‘ಇದರಲ್ಲಿ ಮೆತ್ತೆ ಎಲ್ಲಿದೆ, ಹೊದಿಕೆ ಎಲ್ಲಿದೆ’ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಅರ್ಧ ಪರೀಕ್ಷೆ ಮುಗಿದಂತೆ.

ಈಗ ತಲೆಯಿಂದ ಆರಂಭಿಸೋಣ. ಹೆಲ್ಮೆಟ್ಟಿನ ಇತಿಹಾಸದಲ್ಲಿ ಒಂದು ಸಾವು ದೊಡ್ಡದು. ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಟಿ. ಇ. ಲಾರೆನ್ಸ್ 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದಲ್ಲಿ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ತನ್ನ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಆರು ದಿನಗಳ ನಂತರ ತೀರಿಕೊಂಡ. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ತರುಣ ಮಿದುಳು ಶಸ್ತ್ರವೈದ್ಯರಿದ್ದರು. ಆ ಸಾವು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಸೇನೆಯಲ್ಲಿ ಕಾಗದಪತ್ರ ಒಯ್ಯುವ ಸವಾರರ ತಲೆಯ ಗಾಯಗಳನ್ನು ವರ್ಷಗಟ್ಟಲೆ ಅಭ್ಯಸಿಸಿ 1941ರಲ್ಲಿ ಅವರು ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಾಗರಿಕರಿಗೆ ಅದು ಬ್ರಿಟನ್ನಿನಲ್ಲಿ ಕಡ್ಡಾಯವಾದದ್ದು 1973ರಲ್ಲಿ. ಅಮೆರಿಕೆಯ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜಿನಂತೆ, ಹೆಲ್ಮೆಟ್ ಇಲ್ಲದೆ ಸಾಯುವ ನೂರು ಸವಾರರಲ್ಲಿ 37 ಮಂದಿಯನ್ನು, ಹಿಂದೆ ಕುಳಿತವರಲ್ಲಿ 41 ಮಂದಿಯನ್ನು ಹೆಲ್ಮೆಟ್ ಉಳಿಸಬಲ್ಲುದು.

ಹೆಲ್ಮೆಟ್ಟಿನ ಪ್ರಾಣ ಇರುವುದು ಹೊಳೆಯುವ ಹೊರಚಿಪ್ಪಿನಲ್ಲಿ ಅಲ್ಲ, ಒಳಗಿನ ಬಿಳಿಯ ಥರ್ಮೋಕೋಲಿನಂಥ ಪದರದಲ್ಲಿ. ಪೆಟ್ಟು ಬಿದ್ದಾಗ ಆ ಪದರ ತಾನು ನುಜ್ಜುಗುಜ್ಜಾಗಿ ಪೆಟ್ಟಿನ ಶಕ್ತಿಯನ್ನು ನುಂಗುತ್ತದೆ. ಒಮ್ಮೆ ನುಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಅಪಘಾತ ಕಂಡ ಹೆಲ್ಮೆಟ್, ಹೊರಗೆ ಗೀರು ಕಾಣದಿದ್ದರೂ, ಕೆಲಸ ಮುಗಿಸಿದ ಹೆಲ್ಮೆಟ್. ಅದೇ ಕಾರಣಕ್ಕೆ ಇನ್ನೊಬ್ಬರು ಬಳಸಿದ ಹೆಲ್ಮೆಟ್ಟನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು. ಅದರ ಪೂರ್ವಚರಿತ್ರೆ ನಮಗೆ ಗೊತ್ತಿರುವುದಿಲ್ಲ. ಬಿಸಿಲು, ಬೆವರುಗಳಿಂದ ಒಳಮೆತ್ತೆ ಸಡಿಲವಾಗುವುದರಿಂದ ಐದು ವರ್ಷದ ಬಳಕೆಯ ನಂತರ ಬದಲಾಯಿಸುವುದು ರೂಢಿ.

ಮಾರುಕಟ್ಟೆಯಲ್ಲಿ ಮೂರು ಮುದ್ರೆಗಳು ಕಣ್ಣಿಗೆ ಬೀಳುತ್ತವೆ. ಡಿ.ಓ.ಟಿ. ಎಂಬುದು 1974ರಿಂದ ಜಾರಿಯಲ್ಲಿರುವ ಅಮೆರಿಕೆಯ ಕನಿಷ್ಠ ನಿಯಮ. ಇಲ್ಲಿ ಮಾರುವ ಪ್ರತಿಯೊಂದು ಹೆಲ್ಮೆಟ್ಟಿಗೂ ಅದು ಬೇಕು. ತಯಾರಕರೇ ಪ್ರಮಾಣ ಹೇಳಿ ಅಂಟಿಸಿಕೊಳ್ಳುವ ಮುದ್ರೆ ಅದು. ಸರಕಾರ ಆಮೇಲೆ ಅಂಗಡಿಯಿಂದ ಕೆಲವನ್ನು ಕೊಂಡು ಪರೀಕ್ಷಿಸುತ್ತದೆ. ಸ್ನೆಲ್ ಎಂಬುದು ಕಾರು ಸ್ಪರ್ಧೆಯಲ್ಲಿ ಮಡಿದ ಚಾಲಕನೊಬ್ಬನ ನೆನಪಿನಲ್ಲಿ 1957ರಲ್ಲಿ ಆರಂಭವಾದ ಪ್ರತಿಷ್ಠಾನದ ಮುದ್ರೆ. ಇ.ಸಿ.ಇ. ಐರೋಪ್ಯ ನಿಯಮ, ಅದರ 22.06 ಎಂಬ ಹೊಸ ಆವೃತ್ತಿಯಲ್ಲಿ ತಲೆ ತಿರುಚಿಕೊಳ್ಳುವಂತೆ ಬೀಳುವ ಓರೆಪೆಟ್ಟಿನ ಪರೀಕ್ಷೆಯೂ ಸೇರಿದೆ. ಇಲ್ಲಿ ಒಂದು ಸಂಶಯ ಸಹಜ. ಡಿ.ಓ.ಟಿ. ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಬೀಳಿಸುವುದು ಕೇವಲ ಆರು ಅಡಿ ಎತ್ತರದಿಂದ. ನೆಲ ಮುಟ್ಟುವಾಗಿನ ವೇಗ ಗಂಟೆಗೆ ಹದಿಮೂರು ಚಿಲ್ಲರೆ ಮೈಲಿ. ಅರವತ್ತು ಮೈಲಿ ವೇಗದಲ್ಲಿ ಹೋಗುವವರಿಗೆ ಅದರಿಂದೇನು ಪ್ರಯೋಜನ? ಉತ್ತರ ಹೀಗೆ: ಮುಂದಕ್ಕೆ ಎಷ್ಟೇ ವೇಗವಾಗಿ ಹೋಗುತ್ತಿದ್ದರೂ ತಲೆ ನೆಲಕ್ಕೆ ಬೀಳುವ ಎತ್ತರ ಸೀಟಿನ ಮೇಲೆ ಕುಳಿತವನ ಎತ್ತರವೇ. ಎದುರಿನ ಕಂಬಕ್ಕೋ ಕಾರಿಗೋ ನೇರವಾಗಿ ಬಡಿಯದೆ ರಸ್ತೆಗೆ ಬಿದ್ದು ಜಾರುವ ಪ್ರಸಂಗಗಳಲ್ಲಿ ತಲೆಗೆ ತಾಕುವ ಪೆಟ್ಟು ಆ ಪರೀಕ್ಷೆಯ ಪೆಟ್ಟನ್ನೇ ಹೋಲುತ್ತದೆ.

ಅಂಗಡಿಗಳಲ್ಲಿ ಮೋಜಿನ ಹೆಲ್ಮೆಟ್ ಎಂಬ ಒಂದು ಜಾತಿ ಇದೆ. ಬಟ್ಟಲು ಬೋರಲು ಹಾಕಿದಂಥ ತೆಳು ಚಿಪ್ಪು, ಒಳಗೆ ಸ್ಪಂಜಿನ ಚೂರು. ನಿಜವಾದ ಹೆಲ್ಮೆಟ್ಟಿನ ಒಳಪದರ ಸುಮಾರು ಒಂದು ಅಂಗುಲ ದಪ್ಪ, ತೂಕ ಮೂರು ಪೌಂಡಿನ ಆಸುಪಾಸು. ಕೈಗೆತ್ತಿಕೊಂಡ ಹೆಲ್ಮೆಟ್ ಹೂವಿನಷ್ಟು ಹಗುರವಾಗಿದ್ದರೆ ಹಿಂದೆ ಅಂಟಿಸಿದ ಡಿ.ಓ.ಟಿ. ಚೀಟಿಯನ್ನು ನಂಬಬೇಡಿ, ಆ ಚೀಟಿ ಬಿಡಿಯಾಗಿಯೂ ಸಿಗುತ್ತದೆ. ಇನ್ನು ನಿಜವಾದ ಹೆಲ್ಮೆಟ್ಟುಗಳಲ್ಲಿ ಗಲ್ಲವನ್ನೂ ಮುಚ್ಚುವ ಪೂರ್ಣ ಮುಖದ್ದೇ ಉತ್ತಮ. ಬೀಳುವಾಗ ಮುಖ ಮುಂದಾಗುವುದು ಅಪರೂಪವೇನಲ್ಲ. ದವಡೆ ಒಡೆದರೆ ಅನ್ನ ತಿನ್ನುವ ಬಾಯಿ ತಿಂಗಳುಗಟ್ಟಲೆ ಮುಚ್ಚಿರುತ್ತದೆ.

ಅಳತೆಯ ವಿಚಾರ ಮುದ್ರೆಯಷ್ಟೇ ಮುಖ್ಯ. ಮೈಸೂರು ಪೇಟ ಕೂರುವ ಜಾಗದಲ್ಲಿ, ಹುಬ್ಬಿನಿಂದ ಒಂದು ಅಂಗುಲ ಮೇಲೆ, ತಲೆಯ ಸುತ್ತ ಟೇಪು ಹಿಡಿದು ಅಳೆಯಬೇಕು. ಸುತ್ತಳತೆ ಒಂದೇ ಆದರೂ ಕೆಲವರ ತಲೆ ದುಂಡು, ಕೆಲವರದು ಹಿಂದುಮುಂದಾಗಿ ಉದ್ದ; ಒಂದೊಂದು ಕಂಪನಿಯ ಅಚ್ಚು ಒಂದೊಂದು ಬಗೆ. ಅಂಗಡಿಯಲ್ಲೇ ಹದಿನೈದು ಇಪ್ಪತ್ತು ನಿಮಿಷ ಧರಿಸಿಕೊಂಡಿರಬೇಕು. ಕೆನ್ನೆ ಒತ್ತಿಕೊಂಡು ಬಿಗಿಯೆನಿಸಿದರೆ ಒಳ್ಳೆಯದೇ, ಅದು ಮುಂದೆ ಸಡಿಲವಾಗುತ್ತದೆ. ಹಣೆಯ ನಡುವೆ ಒಂದೇ ಕಡೆ ನೋವಾಗಿ ಕೆಂಪು ಗುರುತು ಬಿದ್ದರೆ ಅದು ನಮ್ಮ ತಲೆಯ ಆಕಾರದ್ದಲ್ಲ. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ಯಾರಿಗಾದರೂ ಹೇಳಿ ನೋಡಬೇಕು. ಕಳಚಿಬಂದರೆ ಅದು ಬಿದ್ದಾಗಲೂ ಕಳಚಿಬರುತ್ತದೆ. ಕನ್ನಡಕದವರು ಕನ್ನಡಕವನ್ನು ಹಾಕಿಕೊಂಡೇ ಪರೀಕ್ಷಿಸಲಿ. ಉದ್ದ ಕೂದಲಿನ ಹೆಣ್ಣುಮಕ್ಕಳು ತುರುಬು ಕಟ್ಟಿ ಅದರ ಮೇಲೆ ಹೆಲ್ಮೆಟ್ ಇಟ್ಟರೆ ಅದು ತಲೆಯ ಮೇಲೆ ಕೂರುವುದೇ ಇಲ್ಲ. ಕತ್ತಿನ ಹತ್ತಿರದಿಂದ ಜಡೆ ಹೆಣೆದು ಜಾಕೆಟ್ಟಿನ ಒಳಕ್ಕೆ ಬಿಡುವುದು ಲೇಸು. ಬೆಲೆ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬ ನಂಬಿಕೆ ಬೇಡ. ಬ್ರಿಟನ್ನಿನ ಸರಕಾರ 2007ರಿಂದ ನಡೆಸುತ್ತಿರುವ ಷಾರ್ಪ್ ಎಂಬ ಪರೀಕ್ಷೆಯಲ್ಲಿ ಅಗ್ಗದ ಹೆಲ್ಮೆಟ್ಟುಗಳು ಹೆಚ್ಚು ನಕ್ಷತ್ರ ಪಡೆದು ದುಬಾರಿಯವು ಹಿಂದೆ ಬಿದ್ದ ಉದಾಹರಣೆಗಳಿವೆ. ಬೆಲೆ ಹೆಚ್ಚಾದಾಗ ಸಿಗುವುದು ಬಹಳ ಮಟ್ಟಿಗೆ ಹಗುರತನ, ಗಾಳಿಯಾಟ, ನಿಶ್ಶಬ್ದ, ಬಣ್ಣ.

ಹಿಂದೆ ಕುಳಿತವರ ಬಗ್ಗೆ ಪ್ರತ್ಯೇಕವಾಗಿ ಎರಡು ಮಾತು ಹೇಳಲೇಬೇಕು. ನಮ್ಮಲ್ಲಿ ಅವರನ್ನು ಅತಿಥಿಯಂತೆ ಕಾಣುತ್ತೇವೆ. ಸವಾರನ ತಲೆಗೆ ಮಾತ್ರ ಹೆಲ್ಮೆಟ್ ಎಂಬ ಭಾವನೆ ಬಹುಕಾಲ ಇತ್ತು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಸರಕಾರ ಬಿಗಿಯಾಗಿ ಹೇಳಿದ್ದು 2016ರ ಜನವರಿಯಲ್ಲಿ. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಸ್ನೇಹಿತರ ಬೈಕಿನ ಹಿಂದಿನ ಸೀಟಿನಲ್ಲಿದ್ದರು. ತಲೆಗೆ ಬಿದ್ದ ಪೆಟ್ಟಿನಿಂದ ಅವರು ಚೇತರಿಸಿಕೊಳ್ಳಲಿಲ್ಲ. ಅವರ ಅಂಗಾಂಗಗಳನ್ನು ದಾನ ಮಾಡಿದ ಕುಟುಂಬದ ಔದಾರ್ಯವನ್ನು ನಾವೆಲ್ಲ ಗೌರವದಿಂದ ನೆನೆಯುತ್ತೇವೆ. ಕನ್ನಡ ರಂಗಭೂಮಿಗೂ ಚಿತ್ರರಂಗಕ್ಕೂ ಆದ ಆ ನಷ್ಟ ಹಿಂದಿನ ಸೀಟು ಸುರಕ್ಷಿತವಲ್ಲವೆಂಬುದನ್ನು ನೆನಪಿಸುತ್ತಲೇ ಇರುತ್ತದೆ. ಇನ್ನೊಂದು ಸಣ್ಣ ಸಂಗತಿ. ಭಾರತದ ಬಂಡಿಗಳಲ್ಲಿ ಹಿಂಚಕ್ರದ ಪಕ್ಕ ಸೀರೆ ಗಾರ್ಡ್ ಎಂಬ ಜಾಲರಿ ಇರುತ್ತದೆ. ಇಲ್ಲಿನ ಬಂಡಿಗಳಲ್ಲಿ ಅದಿಲ್ಲ. ಸೆರಗು, ದುಪಟ್ಟಾಗಳು ಸರಪಳಿಗೆ ಸಿಕ್ಕಿದರೆ ಎಳೆದುಕೊಂಡೇ ಹೋಗುತ್ತವೆ. ಹಬ್ಬದ ಉಡುಗೆಯಲ್ಲಿ ಹಿಂದೆ ಕೂರಿಸಿಕೊಂಡು ಹೋಗುವ ಆಸೆಯನ್ನು ಇಲ್ಲಿ ಬಿಡಬೇಕು.

ಇನ್ನು ಜಾಕೆಟ್ಟು. ಈ ವಿಷಯದಲ್ಲಿ ನಾವು ವಾಸಿಸುವ ಪ್ರದೇಶಕ್ಕೇ ಒಂದು ಇತಿಹಾಸವಿದೆ. ಇರ್ವಿಂಗ್ ಮತ್ತು ಜ್ಯಾಕ್ ಷಾಟ್ ಎಂಬ ಅಣ್ಣತಮ್ಮಂದಿರು 1913ರಲ್ಲಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನಲ್ಲಿ ಮಳೆಯಂಗಿ ಹೊಲಿಯುವ ಕಸುಬು ಆರಂಭಿಸಿದರು. 1928ರಲ್ಲಿ ಅವರು ಮೋಟಾರ್ ಸೈಕಲ್ ಸವಾರರಿಗಾಗಿ ಓರೆ ಜಿಪ್ಪಿನ ಚರ್ಮದ ಜಾಕೆಟ್ ಹೊಲಿದು, ಇರ್ವಿಂಗರಿಗೆ ಪ್ರಿಯವಾದ ಸಿಗಾರಿನ ಹೆಸರನ್ನೇ ಇಟ್ಟು ಪರ್ಫೆಕ್ಟೋ ಎಂದು ಕರೆದರು. ಲಾಂಗ್ ಐಲೆಂಡಿನ ಹಾರ್ಲಿ-ಡೇವಿಡ್‌ಸನ್ ವ್ಯಾಪಾರಿಯಲ್ಲಿ ಅದರ ಬೆಲೆ ಐದೂವರೆ ಡಾಲರು. 1953ರ ‘ದಿ ವೈಲ್ಡ್ ಒನ್’ ಚಿತ್ರದಲ್ಲಿ ಮಾರ್ಲನ್ ಬ್ರಾಂಡೋ ಧರಿಸಿದ ಮೇಲೆ ಆ ಜಾಕೆಟ್ಟು ಪುಂಡರ ಸಮವಸ್ತ್ರವೆಂಬ ಅಪಖ್ಯಾತಿಗೂ ಒಳಗಾಯಿತು. ಕಾರ್ಖಾನೆ ಮುಂದೆ ನ್ಯೂಜೆರ್ಸಿಗೆ ಬಂತು. ಚರಿತ್ರೆ ಸ್ವಾರಸ್ಯವಾದದ್ದೇ. ಆದರೆ ಕೊಳ್ಳುವವರು ಗಮನಿಸಬೇಕಾದದ್ದು ಬೇರೆ: ಓರೆ ಜಿಪ್ಪು, ಗಾಳಿ ತಡೆಯುವ ಅಡ್ಡಮಡಿಕೆ, ಬಾಗಿ ಕುಳಿತಾಗಲೂ ಮೊಣಕೈ ಮುಚ್ಚುವ ತೋಳು, ಇವೆಲ್ಲ ಕೆಲಸಕ್ಕಾಗಿ ಹುಟ್ಟಿದವು, ಬೆಡಗು ಆಮೇಲೆ ಬಂದದ್ದು. ಮಾಲುಗಳಲ್ಲಿ ಅದೇ ರೂಪದಲ್ಲಿ ಸಿಗುವ ಮೃದುವಾದ ತೆಳು ಚರ್ಮದ ಜಾಕೆಟ್ಟಿನಲ್ಲಿ ಬೆಡಗು ಉಳಿದಿದೆ, ಕೆಲಸ ಹೋಗಿದೆ. ಸವಾರಿಗೆ ಬೇಕಾದ ದನದ ಚರ್ಮ ಸುಮಾರು 1.2 ಮಿಲಿಮೀಟರಿಗೆ ಕಡಿಮೆಯಿಲ್ಲದಷ್ಟು ದಪ್ಪವಿರಬೇಕು. ಹೊಲಿಗೆ ಎರಡು ಮೂರು ಸಾಲು ಇರಬೇಕು. ಒಂಟಿ ಹೊಲಿಗೆ ಬಿಚ್ಚಿಕೊಂಡರೆ ಎಷ್ಟು ದಪ್ಪ ಚರ್ಮವಿದ್ದೂ ಪ್ರಯೋಜನವಿಲ್ಲ.

ಚರ್ಮ ಬೇಡವೆನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಧರ್ಮದ ಕಾರಣಕ್ಕೋ ಕರುಣೆಯ ಕಾರಣಕ್ಕೋ ಹಾಗೆ ಎನ್ನುವವರು ರಕ್ಷಣೆಯನ್ನೇ ಬಿಡಬೇಕಾಗಿಲ್ಲ. ಕಾರ್ಡುರಾ ಎಂಬ ಗಟ್ಟಿ ನೈಲಾನ್ ಬಟ್ಟೆ, ಕೆವ್ಲಾರ್ ಬೆರೆತ ಬಟ್ಟೆಗಳು ಸಿಗುತ್ತವೆ. ಕೆವ್ಲಾರ್ ಕೂಡ ನಮ್ಮ ನೆರೆಯ ಡೆಲವೇರಿನ ಡ್ಯುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ವಿಜ್ಞಾನಿ 1965ರಲ್ಲಿ ಕಂಡುಹಿಡಿದ ನೂಲು. ಆದರೆ ಕೆವ್ಲಾರ್ ಎಂಬ ಹೆಸರಿದ್ದ ಮಾತ್ರಕ್ಕೆ ಮರುಳಾಗದೆ, ಅದು ಮಂಡಿಯಲ್ಲಿ ಒಂದು ತುಂಡಷ್ಟೇ ಇದೆಯೋ ಸೊಂಟ ಪೃಷ್ಠಗಳವರೆಗೂ ಇದೆಯೋ ಎಂದು ಒಳಮಗ್ಗುಲು ತಿರುಗಿಸಿ ನೋಡಬೇಕು.

ಅಮೆರಿಕೆಯಲ್ಲಿ ಜಾಕೆಟ್ಟು, ಷರಾಯಿಗಳಿಗೆ ಸರಕಾರಿ ನಿಯಮವಿಲ್ಲ. ಐರೋಪ್ಯರಲ್ಲಿ ಇದೆ, ಇಲ್ಲಿ ಮಾರುವ ಒಳ್ಳೆಯ ಉಡುಗೆಗಳಲ್ಲಿಯೂ ಆ ಚೀಟಿ ಇರುತ್ತದೆ. ಅದರಲ್ಲಿ ಮೂರು ಎ ಇದ್ದರೆ ಗಂಟೆಗೆ ಸುಮಾರು 120 ಕಿಲೋಮೀಟರು, ಎರಡು ಎ ಇದ್ದರೆ 70, ಒಂದು ಎ ಇದ್ದರೆ 45 ಕಿಲೋಮೀಟರು ವೇಗಕ್ಕೆ ಸಮನಾದ ಉಜ್ಜಾಟವನ್ನು ಹೆಚ್ಚು ಅಪಾಯದ ಭಾಗಗಳಲ್ಲಿ ಅದು ತಡೆದಿದೆ ಎಂದರ್ಥ. ಭುಜ, ಮೊಣಕೈ, ಮಂಡಿಗಳ ಮೆತ್ತೆಗಳಿಗೆ ಬೇರೆ ಚೀಟಿ; ಅಲ್ಲಿ ಒಂದು, ಎರಡು ಎಂಬ ದರ್ಜೆಗಳು. ಎರಡನೆಯದು ಹೆಚ್ಚು ಪೆಟ್ಟು ಹೀರುತ್ತದೆ. ಅನೇಕ ಜಾಕೆಟ್ಟುಗಳ ಬೆನ್ನಿನಲ್ಲಿ ಮೆತ್ತೆಯ ಜಾಗದಲ್ಲಿ ಬರಿಯ ಸ್ಪಂಜಿನ ಹಾಳೆ ಇರುತ್ತದೆ. ಅದನ್ನು ತೆಗೆದು ನಿಜವಾದ ಬೆನ್ನುಮೆತ್ತೆ ಹಾಕಿಸುವುದು ಸಣ್ಣ ಖರ್ಚು, ದೊಡ್ಡ ಲಾಭ. ಜಾಕೆಟ್ಟು ಸಡಿಲವಿದ್ದರೆ ಬಿದ್ದಾಗ ಮೆತ್ತೆ ಪಕ್ಕಕ್ಕೆ ಸರಿದು ಮೊಣಕೈ ಬಯಲಾಗುತ್ತದೆ. ‘ಬೆಳೆಯುವ ಹುಡುಗ, ಒಂದಳತೆ ದೊಡ್ಡದಿರಲಿ’ ಎಂಬ ನಮ್ಮ ಹಿರಿಯರ ಲೆಕ್ಕ ಇಲ್ಲಿ ನಡೆಯದು.

ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೊಳಗಾದ 212 ಸವಾರರನ್ನು ಕುರಿತು ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಮಾತು ಹೇಳಿತು. ಸವಾರಿಯ ಜಾಕೆಟ್ಟು, ಷರಾಯಿ, ಕೈಗವಸು ಧರಿಸಿದವರು ಆಸ್ಪತ್ರೆ ಸೇರಿದ್ದು ಕಡಿಮೆ. ಅದೇ ಹೊತ್ತಿಗೆ ಸವಾರಿಗೆಂದೇ ಮಾರಿದ ಉಡುಗೆಗಳಲ್ಲಿ ಹಲವು ಹರಿದು ಕೈಕೊಟ್ಟಿದ್ದವು. ಕೈಗವಸುಗಳಲ್ಲಿಯೂ ಸುಮಾರು ನಾಲ್ಕರಲ್ಲಿ ಒಂದು ಪಾಲು ಹೀಗೆ ಸೋತಿದ್ದವು. ಉಡುಗೆ ಬೇಕು, ಅದನ್ನು ಕಣ್ಣುಮುಚ್ಚಿ ಕೊಳ್ಳಬಾರದು ಎಂಬುದು ಇದರ ತಾತ್ಪರ್ಯ.

ಬೀಳುವಾಗ ಮನುಷ್ಯ ಮೊದಲು ಚಾಚುವುದು ಕೈಯನ್ನು. ಅಂಗೈಯ ಬುಡದಲ್ಲಿ ಜಾರುವಂಥ ಗಟ್ಟಿ ತುಂಡು, ಗೆಣ್ಣುಗಳ ಮೇಲೆ ಕವಚ, ಮಣಿಕಟ್ಟಿನಲ್ಲಿ ಬಿಗಿಯಾಗುವ ಪಟ್ಟಿ, ಈ ಮೂರೂ ಕೈಗವಸಿನಲ್ಲಿರಬೇಕು. ಪಟ್ಟಿ ಕಟ್ಟಿದ ಮೇಲೆ ಬೆರಳ ತುದಿ ಹಿಡಿದು ಎಳೆದರೆ ಕಳಚಿಬರಬಾರದು. ಸಾಫ್ಟ್‌ವೇರ್ ಬರೆಯುವವರು, ಶಸ್ತ್ರಚಿಕಿತ್ಸೆ ಮಾಡುವವರು, ವೀಣೆ ನುಡಿಸುವವರು ತುಂಬಿರುವ ಈ ಸಭೆಯಲ್ಲಿ ಕೈಯ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಕಾಲಿನ ವಿಷಯದಲ್ಲಿ ನಮ್ಮವರ ಉದಾಸೀನ ದೊಡ್ಡದು. ಬೇಸಿಗೆಯ ಭಾನುವಾರ ಪೊಮೋನಾದ ಶ್ರೀ ರಂಗನಾಥನ ದರ್ಶನ ಮಾಡಿ, ಅಲ್ಲಿಂದ ಹ್ಯಾರಿಮನ್ ಕಾಡಿನ ಸೆವೆನ್ ಲೇಕ್ಸ್ ರಸ್ತೆಯಲ್ಲಿ ಬೇರ್ ಮೌಂಟನ್ನಿಗೆ ಹೋಗುವುದು ಸೊಗಸಾದ ಸವಾರಿ. ಆದರೆ ದೇವಸ್ಥಾನದ ಬಾಗಿಲಲ್ಲಿ ಬೂಟು ಬಿಚ್ಚುವುದು ತೊಡಕೆಂದು ಚಪ್ಪಲಿಯಲ್ಲೇ ಹೊರಡುವವರಿದ್ದಾರೆ. ಪಕ್ಕದಲ್ಲಿ ಜಿಪ್ಪು ಇರುವ, ಕಣಕಾಲಿನ ಗುಳಿಗೆಯನ್ನು ಎರಡೂ ಕಡೆ ಮುಚ್ಚುವ ಬೂಟುಗಳು ಸಿಗುತ್ತವೆ. ಅರ್ಧ ನಿಮಿಷದಲ್ಲಿ ಬಿಚ್ಚಬಹುದು. ಮೋಟಾರ್ ಸೈಕಲ್ ಪಕ್ಕಕ್ಕೆ ಒರಗಿದಾಗ ಅದರ ನಾಲ್ಕೈದು ನೂರು ಪೌಂಡು ತೂಕ ಬೀಳುವುದು ಕಣಕಾಲಿನ ಮೇಲೆಯೇ. ಬೂಟಿನ ಅಡಿಯನ್ನು ಎರಡೂ ತುದಿ ಹಿಡಿದು ಹಿಂಡಿದಾಗ ಬಟ್ಟೆಯಂತೆ ತಿರುಚಿಕೊಳ್ಳಬಾರದು. ಉದ್ದ ಲಾಡಿ ಇದ್ದರೆ ಒಳಗೆ ಸಿಕ್ಕಿಸಬೇಕು. ಬ್ರೇಕಿನ ಮೀಟಿಗೆ ಸುತ್ತಿಕೊಂಡರೆ ನಿಂತಲ್ಲೇ ಬೀಳುತ್ತೇವೆ.

ನಮ್ಮ ಹವೆ ಒಂದೇ ಉಡುಗೆಗೆ ಜಗ್ಗುವಂಥದಲ್ಲ. ಏಪ್ರಿಲಿನ ಬೆಳಿಗ್ಗೆ 40 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಗಂಟೆಗೆ 60 ಮೈಲಿ ವೇಗದ ಗಾಳಿಗೆ ಒಡ್ಡಿದ ಮೈಗೆ ಅದು 25 ಡಿಗ್ರಿಯಂತೆ ತಾಗುತ್ತದೆ. ಬೆರಳು ಮರಗಟ್ಟಿದರೆ ಬ್ರೇಕು ಹಿಡಿಯುವುದು ತಡವಾಗುತ್ತದೆ. ಆದ್ದರಿಂದ ಬೆಚ್ಚನೆಯ ಕೈಗವಸು ಸುಖಕ್ಕಲ್ಲ, ಸುರಕ್ಷತೆಗೆ. ಜುಲೈಯ ಸೆಕೆಯಲ್ಲಿ ಇದರ ತದ್ವಿರುದ್ಧ. ಜಾಕೆಟ್ಟನ್ನು ಬಿಚ್ಚಿ ಸೀಟಿಗೆ ಕಟ್ಟಿಬಿಡುವ ಆಸೆಯಾಗುವುದು ಆಗಲೇ. ಅದಕ್ಕೆಂದೇ ಮೆತ್ತೆಗಳನ್ನುಳಿಸಿಕೊಂಡು ಉಳಿದೆಡೆ ಜಾಲರಿ ಹೆಣೆದ ಜಾಕೆಟ್ಟುಗಳಿವೆ. ಚರ್ಮದಷ್ಟು ಹೊತ್ತು ಅವು ಉಜ್ಜಾಟವನ್ನು ತಡೆಯಲಾರವು, ನಿಜ. ಆದರೆ ಮೈಮೇಲಿರುವ ಜಾಲರಿ ಮನೆಯ ಕಪಾಟಿನಲ್ಲಿರುವ ಚರ್ಮಕ್ಕಿಂತ ಮೇಲು.

ಬಣ್ಣದ ವಿಷಯದಲ್ಲಿ ಕಪ್ಪಿನ ಮೋಹ ಎಲ್ಲ ಸವಾರರಿಗೂ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಂತೆ, ಮಿಂಚುವ ಅಥವಾ ಬೆಳಕು ಪ್ರತಿಫಲಿಸುವ ಉಡುಗೆ ಧರಿಸಿದವರಿಗೆ ಗಾಯದ ಅಪಘಾತದ ಸಂಭವ ನೂರಕ್ಕೆ 37ರಷ್ಟು ಕಡಿಮೆ; ಕಪ್ಪು ಹೆಲ್ಮೆಟ್ಟಿಗೆ ಹೋಲಿಸಿದರೆ ಬಿಳಿಯ ಹೆಲ್ಮೆಟ್ಟಿನವರಿಗೆ ನೂರಕ್ಕೆ 24ರಷ್ಟು ಕಡಿಮೆ. ದಾರಿ ಬಿಡದ ಕಾರಿನವರು ‘ನಾನು ಕಾಣಲಿಲ್ಲ’ ಎನ್ನುತ್ತಾರಲ್ಲ, ಆ ಮಾತಿಗೆ ನಮ್ಮ ಕೈಲಾದ ಉತ್ತರ ಇದು. ಜಾಕೆಟ್ಟು ಕಪ್ಪೇ ಇರಲಿ ಎನ್ನುವವರು ಹೆಲ್ಮೆಟ್ಟನ್ನಾದರೂ ಬಿಳಿಯದನ್ನು ಕೊಳ್ಳಲಿ. ಅದಕ್ಕೆ ಒಂದು ಕಾಸೂ ಹೆಚ್ಚಾಗುವುದಿಲ್ಲ.

ಎಲ್ಲ ಕವಚವನ್ನೂ ತೊಟ್ಟವರು ಅಜೇಯರೇ? ಅಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ ಎಂಬ ಕೀರ್ತಿ ಪಡೆದವರು. 2021ರ ಜನವರಿ 6ರಂದು ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಅದೇ ಸ್ಪರ್ಧೆಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧದಿಂದ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿರಿಸಬೇಕಾಯಿತು. ಜಗತ್ತಿನ ಅತ್ಯುತ್ತಮ ಉಡುಗೆ ಧರಿಸುವ ವೃತ್ತಿಪರರ ಸ್ಪರ್ಧೆ ಅದು. ಗಾಳಿಚೀಲ ಉಬ್ಬಿ ಎದೆ ಬೆನ್ನುಗಳನ್ನು ಕಾಯುವ ಅಂಗಿ ಆ ವರ್ಷದಿಂದ ಅಲ್ಲಿ ಕಡ್ಡಾಯವಾಗಿತ್ತು. ಸಂತೋಷ್ ಚೇತರಿಸಿಕೊಂಡು ಊರಿಗೆ ಮರಳಿದರು. ಕವಚ ಪೆಟ್ಟನ್ನು ಇಲ್ಲವಾಗಿಸುವುದಿಲ್ಲ; ಪೆಟ್ಟಿಗೂ ದೇಹಕ್ಕೂ ನಡುವೆ ನಿಂತು ತನ್ನ ಪಾಲನ್ನು ತಾನು ನುಂಗುತ್ತದೆ. ಕರ್ಣನ ಕವಚದಂತೆ ಹುಟ್ಟಿನಿಂದ ಬಂದದ್ದೇನಲ್ಲ ಅದು. ಪ್ರತಿದಿನ ತೊಡಬೇಕು, ಬಿಗಿಯಬೇಕು.

ಹಣದ ಮಾತಿಗೆ ಬರೋಣ. ಬಂಡಿಗೆ ಎಲ್ಲ ಹಣವನ್ನೂ ಸುರಿದು, ಉಳಿದ ಚಿಲ್ಲರೆಯಲ್ಲಿ ಹೆಲ್ಮೆಟ್ ಕೊಳ್ಳುವುದು ಸಾಮಾನ್ಯ ಕ್ರಮ. ಇದನ್ನು ತಿರುವುಮುರುವು ಮಾಡಬೇಕು. ಉಡುಗೆಯ ಹಣವನ್ನು ಮೊದಲು ತೆಗೆದಿಟ್ಟು, ಮಿಕ್ಕದ್ದರಲ್ಲಿ ಬಂಡಿಯನ್ನು ಹುಡುಕಬೇಕು. ಒಂದೇ ಸಲ ಎಲ್ಲವನ್ನೂ ಕೊಳ್ಳಲಾಗದವರು ಹೆಲ್ಮೆಟ್, ಕೈಗವಸು, ಬೂಟು, ಜಾಕೆಟ್ಟು, ಷರಾಯಿ ಎಂಬ ಕ್ರಮದಲ್ಲಿ ಕೊಳ್ಳಬಹುದು. ಜಾಕೆಟ್ಟು, ಬೂಟುಗಳನ್ನು ಹಳೆಯವನ್ನೂ ಕೊಳ್ಳಬಹುದು, ಹೊಲಿಗೆ ಭದ್ರವಾಗಿದ್ದರೆ. ಹೆಲ್ಮೆಟ್ ಮಾತ್ರ ಹೊಸದೇ ಆಗಬೇಕು. ಸಾಧ್ಯವಾದರೆ ಅಂಗಡಿಗೆ ಹೋಗಿ ತೊಟ್ಟು ನೋಡಿ, ಮೋಟಾರ್ ಸೈಕಲ್ಲಿನ ಮೇಲೆ ಕೂರುವಂತೆ ಬಾಗಿ ನೋಡಿ ಕೊಳ್ಳಬೇಕು.

ಕೊನೆಯದಾಗಿ, ಹಿರಿಯರಿಗೆ ಒಂದು ಬಿನ್ನಹ. ‘ಉಡುಗೆ ಕೊಡಿಸಿದರೆ ಬಂಡಿಗೆ ಒಪ್ಪಿಗೆ ಕೊಟ್ಟಂತಾಗುವುದಿಲ್ಲವೇ’ ಎಂದು ಅನೇಕ ತಂದೆತಾಯಿಗಳು ಅಳುಕುತ್ತಾರೆ. ಆ ಅಳುಕಿನ ಹಿಂದಿರುವುದು ಪ್ರೀತಿಯೇ. ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಒಪ್ಪಿಗೆ ಕೊಡದವರ ಮಕ್ಕಳು ಬಂಡಿ ಏರದೆ ಉಳಿಯುವುದಿಲ್ಲ; ಗೆಳೆಯನ ಹಳೆಯ ಹೆಲ್ಮೆಟ್ ಸಾಲ ಪಡೆದು, ಮನೆಯಲ್ಲಿ ಕಾಣಬಾರದೆಂದು ಜಾಕೆಟ್ಟೇ ಕೊಳ್ಳದೆ, ಬೀದಿಯ ಕೊನೆಯಲ್ಲಿ ಬಂಡಿ ನಿಲ್ಲಿಸಿ ಬರುತ್ತಾರೆ. ಮುಚ್ಚುಮರೆಯ ಸವಾರಿಯೇ ಎಲ್ಲಕ್ಕಿಂತ ಅಪಾಯದ ಸವಾರಿ. ‘ನಮಗೆ ಇದು ಇಷ್ಟವಿಲ್ಲ, ಆದರೂ ಹೋಗುವುದಾದರೆ ಇದನ್ನು ತೊಟ್ಟು ಹೋಗು’ ಎಂದು ಹೇಳುವುದು ಸೋಲಲ್ಲ. ಭಿನ್ನಾಭಿಪ್ರಾಯವನ್ನು ಉಳಿಸಿಕೊಂಡೇ ಮಗನ ತಲೆಯನ್ನೂ ಮಗಳ ಕೈಯನ್ನೂ ಉಳಿಸಿಕೊಳ್ಳುವ ದಾರಿ ಅದು.

ಕಿರಿಯರಿಗೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ತಂದೆತಾಯಿಗಳ ಹೆದರಿಕೆಗೆ ವಾದದಲ್ಲಿ ಉತ್ತರ ಕೊಡಬೇಡಿ. ತರಬೇತಿಯ ಚೀಟಿಯನ್ನು ತೋರಿಸಿ. ಬೇಸಿಗೆಯಲ್ಲೂ ಬೂಟು ತೊಟ್ಟು ಹೊರಡಿ. ಹತ್ತಿರದ ಅಂಗಡಿಗೆ ಹಾಲು ತರಲು ಹೋಗುವಾಗಲೂ ಪಟ್ಟಿ ಬಿಗಿದುಕೊಳ್ಳಿ. ಬಾಗಿಲಲ್ಲಿ ನಿಂತು ನೋಡುವವರಿಗೆ ಅದಕ್ಕಿಂತ ದೊಡ್ಡ ಸಮಾಧಾನ ಬೇರೆ ಇಲ್ಲ.

ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಗಾದೆ ಹೇಳುತ್ತದೆ. ಈ ವಸಂತದಲ್ಲಿ ಬಂಡಿಗಳ ಮುಸುಕು ತೆಗೆಯುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕೂತು, ಇರುವ ಹೆಲ್ಮೆಟ್ಟಿನ ಒಳಗಿನ ತಾರೀಖು ನೋಡಿ, ಪಟ್ಟಿ ಎಳೆದು ನೋಡಿ, ಕೈಗವಸಿನ ಹೊಲಿಗೆ ಪರೀಕ್ಷಿಸಿ. ಅಷ್ಟು ಮಾಡಿದರೆ ನಮ್ಮ ಈ ಮಾತು ಸಾರ್ಥಕ.